ಮಾಲೀಕ ಸತ್ತರೆ ಗಾಯಾಳುವಿನ ಹಕ್ಕೂ ಸಾಯುತ್ತದೆಯೇ?

(ಹೊಳೆನರಸೀಪುರದಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಲಾರಿಯೋ ಟೆಂಪೋವೋ ಒಬ್ಬ ಕೂಲಿಯವನ ಕಾಲು ಮುರಿಯುತ್ತದೆ. ಅದೇ ಅಪಘಾತದಲ್ಲೋ, ಎರಡು ತಿಂಗಳ ಮೇಲೆ ಬೇರೆ ಯಾವ ಕಾಯಿಲೆಯಿಂದಲೋ, ಆ ಗಾಡಿಯ ಮಾಲೀಕ ತೀರಿಕೊಳ್ಳುತ್ತಾನೆ. ಆಗ ಊರಿನ ನಾಲ್ಕು ಜನ ದೊಡ್ಡವರು ಗಾಯಾಳುವಿನ ಮನೆಗೆ ಬರುತ್ತಾರೆ. "ಹೋದೋನು ಹೋದ, ಇನ್ಯಾರನ್ನ ಕೇಳ್ತೀಯಪ್ಪ? ಆ ಹೆಣ್ಣುಮಗಳ ಹೊಟ್ಟೆ ಉರಿಸಬ್ಯಾಡ" ಎನ್ನುತ್ತಾರೆ. ಕಾಲು ಮುರಿದವನು ಮರ್ಯಾದಸ್ಥ, ಸುಮ್ಮನಾಗುತ್ತಾನೆ. ಅದೇ ವಾರ ಸತ್ತವನ ಹೆಂಡತಿಯ ಹತ್ತಿರ ಇನ್ನೊಬ್ಬ ಹೋಗುತ್ತಾನೆ. "ಕೋರ್ಟಿಂದ ಜಪ್ತಿ ಬರುತ್ತೆ ಕಣಮ್ಮ, ಮನೆ, ಒಡವೆ, ತಾಳಿ ಎಲ್ಲ ಹೋಗುತ್ತೆ. ಈಗಲೇ ಗಾಡೀನ ನನಗೆ ಬರಕೊಟ್ಟುಬಿಡು, ನಾನು ನೋಡ್ಕೊತೀನಿ" ಎನ್ನುತ್ತಾನೆ. ಅವಳೂ ಹೆದರಿ ಹೆಬ್ಬೆಟ್ಟು ಒತ್ತುತ್ತಾಳೆ.

ಈ ಎರಡು ಮಾತೂ ಸುಳ್ಳು. ಎರಡು ಸುಳ್ಳಿನಿಂದಲೂ ಲಾಭವಾಗುವುದು ಮಧ್ಯೆ ನಿಂತವನಿಗೆ. ಇವತ್ತು ನಾನು ಈ ವಿಷಯವನ್ನೇ ಎತ್ತಿಕೊಂಡಿರುವುದಕ್ಕೆ ಕಾರಣ ಇದು. ನಾನು ವಕೀಲನಲ್ಲ. ಮೆಟ್ರಿಕ್ ಮುಗಿಸಿ ಮೇಷ್ಟರ ಕೆಲಸ ಮಾಡಿದವನು. ಹುಡುಗರಿಗೆ ಬಡ್ಡಿ ಲೆಕ್ಕ ಹೇಳಿಕೊಟ್ಟ ಹಾಗೆಯೇ ಈ ಕಾಯಿದೆಯ ಲೆಕ್ಕವನ್ನೂ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಅಪಘಾತವಾದರೆ ಎರಡು ದಾರಿ ಹುಟ್ಟುತ್ತವೆ. ಒಂದು ಪೊಲೀಸು ಕೇಸು. ಅಜಾಗರೂಕತೆಯಿಂದ ಗಾಡಿ ಓಡಿಸಿದ ಚಾಲಕನಿಗೆ ಶಿಕ್ಷೆಯಾಗಲಿ ಎಂಬುದು ಅದರ ಉದ್ದೇಶ. ಆ ಚಾಲಕ ಸತ್ತರೆ ಆ ಕೇಸು ಅಲ್ಲಿಗೇ ಮುಗಿಯಿತು. ಸತ್ತವನನ್ನು ಯಾವ ಸರ್ಕಾರವೂ ಜೈಲಿಗೆ ಹಾಕಲಾರದು. ಪೊಲೀಸರು "ಆರೋಪಿ ಮೃತ" ಎಂದು ಬರೆದು ಕಾಗದ ಮುಚ್ಚುತ್ತಾರೆ. ನಮ್ಮ ಜನ ಆ ಒಂದು ಸಾಲು ಕೇಳಿಸಿಕೊಂಡು ಎಲ್ಲವೂ ಮುಗಿಯಿತೆಂದು ತಿಳಿಯುತ್ತಾರೆ. ಎರಡನೆಯ ದಾರಿ ಪರಿಹಾರದ್ದು. ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುವಂಥದು. ಅಲ್ಲಿ ಯಾರನ್ನೂ ಜೈಲಿಗೆ ಹಾಕುವ ಮಾತಿಲ್ಲ, ದುಡ್ಡಿನ ಮಾತು ಮಾತ್ರ. ಚಾಲಕ ಸತ್ತರೂ ಈ ದಾರಿ ಮುಚ್ಚುವುದಿಲ್ಲ. ಯಾಕೆಂದರೆ ತನ್ನ ಕೆಲಸದಲ್ಲಿದ್ದ ಚಾಲಕನ ತಪ್ಪಿಗೆ ಗಾಡಿಯ ಮಾಲೀಕ ಹೊಣೆ, ಮಾಲೀಕನ ಹಿಂದೆ ವಿಮಾ ಕಂಪನಿ ಹೊಣೆ. ಗಾಡಿ ಕೆ.ಎಸ್.ಆರ್.ಟಿ.ಸಿ.ಯದಾದರೆ ಇನ್ನೂ ಸುಲಭ. ಚಾಲಕ ಸಾಯಬಹುದು, ನಿಗಮಕ್ಕೆ ಸಾವಿಲ್ಲ.

ಇನ್ನು ಮಾಲೀಕನೇ ಸತ್ತರೆ? ನಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಗಳು, ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರರು, ಹಾಸನದ ಆಲೂಗೆಡ್ಡೆ ಸಾಗಿಸುವವರು, ಇವರಲ್ಲಿ ಎಷ್ಟೋ ಜನ ತಮ್ಮ ಗಾಡಿಯನ್ನು ತಾವೇ ಓಡಿಸುತ್ತಾರೆ. ಮಾಲೀಕನೂ ಅವನೇ, ಚಾಲಕನೂ ಅವನೇ. ಡಿಕ್ಕಿಯಾದರೆ ಇಬ್ಬರೂ ಒಟ್ಟಿಗೇ ಹೋಗುತ್ತಾರೆ.

ಇದಕ್ಕೆ 1939ರ ಮೋಟಾರು ಗಾಡಿಗಳ ಕಾಯಿದೆಯ 102ನೇ ಕಲಮು ಉತ್ತರ ಹೇಳಿತ್ತು. 1988ರ ಕಾಯಿದೆಯ 155ನೇ ಕಲಮು ಅದನ್ನೇ ಉಳಿಸಿಕೊಂಡಿದೆ. ವಿಮೆ ಪಡೆದಿದ್ದ ಮಾಲೀಕ ಅಪಘಾತದ ನಂತರ ಸತ್ತರೂ, ಆ ಅಪಘಾತದಿಂದ ಹುಟ್ಟಿದ ಹಕ್ಕು ಅವನ ಆಸ್ತಿಯ ವಿರುದ್ಧವಾಗಲಿ ವಿಮಾ ಕಂಪನಿಯ ವಿರುದ್ಧವಾಗಲಿ ನಿಂತುಹೋಗುವುದಿಲ್ಲ ಎಂದು ಅದರ ಸಾರ. ಗಾಯಾಳುವಿನ ವಕೀಲ ಸತ್ತವನ ಹೆಸರಿನ ಬದಲು ಅವನ ವಾರಸುದಾರರನ್ನೂ, ಜೊತೆಗೆ ವಿಮಾ ಕಂಪನಿಯನ್ನೂ ಎದುರುಪಕ್ಷವಾಗಿ ಕಾಣಿಸುತ್ತಾನೆ. ಇಲ್ಲಿ ಎಚ್ಚರ ಬೇಕು. ಮಾಲೀಕ ಸತ್ತಿದ್ದು ಗೊತ್ತಿದ್ದೂ ಅವನ ಹೆಸರಿನ ಮೇಲೇ ಅರ್ಜಿ ಹಾಕಿದರೆ, ಸತ್ತವನ ವಿರುದ್ಧ ಬಂದ ಆದೇಶ ಕಾಗದಕ್ಕೆ ಸಮ. ನಡುವೆ ಸತ್ತರೆ ವಾರಸುದಾರರನ್ನು ಸೇರಿಸಲು ಸಿವಿಲ್ ದಾವೆಗಳಲ್ಲಿ 90 ದಿನದ ಗಡುವಿದೆ. ಪರಿಹಾರದ ಅರ್ಜಿಯಲ್ಲೂ ಅಷ್ಟರೊಳಗೆ ಸೇರಿಸಿಬಿಡುವುದು ಕ್ಷೇಮ. ಎದುರು ಕಕ್ಷಿ ಬದುಕಿದ್ದಾನೋ ಇಲ್ಲವೋ ಎಂದು ವಕೀಲರು ವಿಚಾರಿಸುವುದಿಲ್ಲ, ನೀವೇ ವಿಚಾರಿಸಿ ಹೇಳಬೇಕು.

ಈ ಕಲಮಿನಲ್ಲಿ ಒಂದು ಸಣ್ಣ ತೂತಿದೆ. "ಅಪಘಾತದ ನಂತರ ಸತ್ತರೆ" ಎಂದು ಅದು ಹೇಳುತ್ತದೆ. ಡಿಕ್ಕಿಯಾದ ಕ್ಷಣದಲ್ಲೇ ಸತ್ತರೆ? ಇಂಗ್ಲೆಂಡಿನವರು 1934ರಲ್ಲಿ ಕಾಯಿದೆ ಮಾಡಿದಾಗ, ತಪ್ಪುಗಾರ ಅದೇ ಹೊತ್ತಿಗೆ ಸತ್ತಿದ್ದರೂ ಹಕ್ಕು ಮೊದಲೇ ಹುಟ್ಟಿತ್ತೆಂದು ಭಾವಿಸಬೇಕು ಎಂದು ಬಿಡಿಸಿ ಬರೆದರು. ನಮ್ಮ ಕಾಯಿದೆ ಅಷ್ಟು ಬಿಡಿಸಿ ಹೇಳಿಲ್ಲ. ಕಂಪನಿಯ ವಕೀಲ ಈ ತೂತಿನಲ್ಲಿ ಬೆರಳಾಡಿಸಿದರೆ ಬೆದರಬೇಡಿ. ಮೊದಲು ಗಾಡಿ ಗುದ್ದಬೇಕು, ಆಮೇಲೆ ತಾನೇ ಮನುಷ್ಯ ಸಾಯಬೇಕು?

ಸಾಕ್ಷಿ ಹೇಳಬೇಕಾದ ಚಾಲಕನೇ ಸತ್ತಿದ್ದು, ತಪ್ಪು ಯಾರದೆಂದು ತೋರಿಸುವುದು ಕಷ್ಟವಾದರೆ ಇನ್ನೊಂದು ಕಲಮಿದೆ. 2019ರ ತಿದ್ದುಪಡಿಯಿಂದ ಬಂದ 164ನೇ ಕಲಮಿನಲ್ಲಿ ತಪ್ಪನ್ನು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೇಳಬಹುದು. ಮೊತ್ತ ಹೆಚ್ಚಿಲ್ಲ. ತಪ್ಪಿಗೆ ಸಾಕ್ಷಿಯಿದ್ದರೆ 166ನೇ ಕಲಮಿನ ದಾರಿಯೇ ಮೇಲು. ಅಲ್ಲಿ ಸಂಬಳ, ವಯಸ್ಸು, ಅಂಗವಿಕಲತೆ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ.

2025ರ ಸೆಪ್ಟೆಂಬರ್ 12ರ ರಾತ್ರಿ ಇದೇ ಹಾಸನ–ಹೊಳೆನರಸೀಪುರ ರಸ್ತೆಯ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆಯ ಮೇಲೆ ಲಾರಿ ಹರಿದದ್ದು ನಿಮಗೆಲ್ಲ ಗೊತ್ತು. ಮರುದಿನದ ಹೊತ್ತಿಗೆ ಒಂಬತ್ತು ಮಂದಿ ಸತ್ತಿದ್ದರು, ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡಿದ್ದರು. ಅಲ್ಲಿ ಚಾಲಕ ಬದುಕಿಕೊಂಡ. ಆದರೂ ಆ ಊರಿನ ಹೆಸರು ಎತ್ತಿದ್ದಕ್ಕೆ ಕಾರಣವಿದೆ. ಸತ್ತವರ ಕುಟುಂಬಕ್ಕೆ ರಾಜ್ಯ ಸರ್ಕಾರ ಐದೈದು ಲಕ್ಷ ಘೋಷಿಸಿತು, ಪ್ರಧಾನಿಯ ನಿಧಿಯಿಂದ ಎರಡೆರಡು ಲಕ್ಷವೆಂದರು. ಸರ್ಕಾರ ಕೊಡುವುದು ಸರ್ಕಾರದ ದಯೆ; ಗಾಡಿಯ ಕಡೆಯಿಂದ ಬರಬೇಕಾದದ್ದು ಗಾಯಾಳುವಿನ ಹಕ್ಕು. ಮಂತ್ರಿಗಳು ಚೆಕ್ಕು ಕೊಟ್ಟು ಫೋಟೋ ತೆಗೆಸಿಕೊಂಡ ಮಾತ್ರಕ್ಕೆ ನ್ಯಾಯಮಂಡಳಿಯ ಹಣ ಬಂದಂತಾಗಲಿಲ್ಲ.

ಈಗ ಹೆಂಡತಿ ಮಕ್ಕಳ ಕಡೆಯಿಂದ ನೋಡೋಣ. ಇಲ್ಲಿ ಕೂತಿರುವ ಸಣ್ಣ ವ್ಯಾಪಾರಿಗಳು ಕಿವಿಗೊಟ್ಟು ಕೇಳಬೇಕು.

ಒಂದು ಲೆಕ್ಕ ಕಟ್ಟಿಕೊಳ್ಳಿ. ಒಬ್ಬ ವ್ಯಾಪಾರಿ ಗೂಡ್ಸ್ ಆಟೋ ಓಡಿಸುತ್ತಿದ್ದ, ವಿಮೆ ಮುಗಿದು ತಿಂಗಳಾಗಿತ್ತು. ಅಪಘಾತದಲ್ಲಿ ಒಬ್ಬ ಗಿರಣಿ ಕೆಲಸಗಾರನ ಕೈ ಹೋಯಿತು, ವ್ಯಾಪಾರಿಯೂ ಆಸ್ಪತ್ರೆಯಲ್ಲಿ ಸತ್ತ. ನ್ಯಾಯಮಂಡಳಿ 9 ಲಕ್ಷ ಕೊಡಬೇಕೆಂದು ಆದೇಶ ಮಾಡಿತು ಎನ್ನಿ. ಸತ್ತವನು ಬಿಟ್ಟುಹೋದದ್ದು ಒಂದೂವರೆ ಲಕ್ಷ ಬಾಳುವ ಆಟೋ, ನಾಲ್ಕು ಲಕ್ಷದ ಒಂದು ನಿವೇಶನ. ಒಟ್ಟು ಐದೂವರೆ ಲಕ್ಷ. ವಾರಸುದಾರರಿಂದ ವಸೂಲಾಗುವುದು ಅಷ್ಟೇ. ಉಳಿದ ಮೂರೂವರೆ ಲಕ್ಷಕ್ಕೆ ಮಗನ ಗಿರಣಿ ಸಂಬಳಕ್ಕೆ ಕೈ ಹಾಕುವಂತಿಲ್ಲ, ಹೆಂಡತಿಯ ತವರಿನ ಒಡವೆಗೆ ಕೈ ಹಾಕುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೇ ಕಲಮುಗಳು ಹೇಳುವುದು ಇದನ್ನೇ: ಸತ್ತವನ ಆಸ್ತಿಯಲ್ಲಿ ಯಾರ ಕೈಗೆ ಎಷ್ಟು ಬಂತೋ ಅಷ್ಟರ ಮಟ್ಟಿಗೆ ಅವರು ಹೊಣೆ. ಸಾಲ ಆಸ್ತಿಯ ಬೆನ್ನು ಹತ್ತುತ್ತದೆ, ಮನುಷ್ಯನ ಬೆನ್ನು ಹತ್ತುವುದಿಲ್ಲ.

"ಅಪ್ಪನ ಋಣ ಮಗ ತೀರಿಸಬೇಕು" ಎಂಬ ಮಾತನ್ನು ನಮ್ಮ ಹಿರಿಯರು ಹೇಳಿಕೊಂಡು ಬಂದರು. ಹಳೆಯ ಹಿಂದೂ ನ್ಯಾಯದಲ್ಲಿ ಅದಕ್ಕೆ ಬಲವೂ ಇತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯನ್ನು ತಿದ್ದಿದಾಗ, ಬರೀ ಆ ಧರ್ಮದ ಋಣದ ಹೆಸರಿನಲ್ಲಿ ಮಗ, ಮೊಮ್ಮಗ, ಮರಿಮಗನ ಮೇಲೆ ಕೋರ್ಟು ಹೋಗಬಾರದೆಂದು ಬರೆದರು. ತಿದ್ದುಪಡಿ ಜಾರಿಗೆ ಬಂದದ್ದು ಆ ವರ್ಷದ ಸೆಪ್ಟೆಂಬರ್ 9ರಂದು. ಇಪ್ಪತ್ತು ವರ್ಷ ದಾಟಿದರೂ ಪಂಚಾಯ್ತಿ ಕಟ್ಟೆಗೆ ಆ ಸುದ್ದಿ ಮುಟ್ಟಿದಂತೆ ಕಾಣದು.

ತಾಳಿಯ ಹೆದರಿಕೆಗೂ ಉತ್ತರವಿದೆ. ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ, ಅಡಿಗೆ ಪಾತ್ರೆ, ಹಾಸಿಗೆ ಬಟ್ಟೆ, ಕಸುಬುದಾರನ ಉಪಕರಣ, ಇವನ್ನು ಜಪ್ತಿ ಮಾಡಬಾರದೆಂದು ಅದೇ ಸಂಹಿತೆಯ 60ನೇ ಕಲಮು ಹೇಳುತ್ತದೆ. ಗಿರಣಿಯವರ ಪಿ.ಎಫ್. ಹಣವನ್ನೂ ಮುಟ್ಟುವಂತಿಲ್ಲ, ಸದಸ್ಯ ಸತ್ತರೆ ಅದು ಅವನ ಸಾಲಸೋಲಗಳಿಂದ ಬಿಡುಗಡೆಯಾಗಿ ನಾಮಿನಿಗೆ ಸೇರುತ್ತದೆಂದು 1952ರ ಕಾಯಿದೆಯ 10ನೇ ಕಲಮು ಸ್ಪಷ್ಟವಾಗಿ ಬರೆದಿತ್ತು. ಜೀವವಿಮೆಯಲ್ಲೂ ಒಂದು ಉಪಾಯವಿದೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ ಪ್ರಕಾರ ಹೆಂಡತಿ ಮಕ್ಕಳಿಗೆಂದೇ ಪಾಲಿಸಿ ಮಾಡಿಸಿದರೆ ಗಂಡನ ಸಾಲಗಾರರು ಅದನ್ನು ಮುಟ್ಟುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಕೇಳಿ ಬರೆಸಬೇಕು. ಏಜೆಂಟರು ತಾವಾಗಿ ಹೇಳುವುದು ಕಡಮೆ.

ಇದನ್ನೆಲ್ಲ ಕೇಳಿ, ಹಾಗಾದರೆ ನಿವೇಶನವನ್ನು ರಾತ್ರೋರಾತ್ರಿ ಮೈದುನನ ಹೆಸರಿಗೆ ಬರೆದುಬಿಡೋಣ ಎಂದು ಯಾರೂ ಯೋಚಿಸಬೇಡಿ. ಸತ್ತವನ ಆಸ್ತಿಯನ್ನು ಸರಿಯಾಗಿ ವಿನಿಯೋಗಿಸಿದ್ದಕ್ಕೆ ಲೆಕ್ಕ ಕೊಡದಿದ್ದರೆ, ಆ ಮೊತ್ತಕ್ಕೆ ವಾರಸುದಾರನೇ ಸ್ವಂತವಾಗಿ ಹೊಣೆಯಾಗುತ್ತಾನೆ. ಹೆಬ್ಬೆಟ್ಟು ಒತ್ತಿದ ಹೆಣ್ಣುಮಗಳು ಸಿಕ್ಕಿಬೀಳುವುದು ಇಲ್ಲೇ. ಗಾಡಿ ಹೋಯಿತು, ದುಡ್ಡು ಅರ್ಧ ಬಂತು, ಲೆಕ್ಕ ಮಾತ್ರ ಅವಳೇ ಕೊಡಬೇಕು.

ಸತ್ತವನ ಹೆಸರಿನಲ್ಲೇ ಗಾಡಿ ಓಡಿಸುವ ಅಭ್ಯಾಸ ನಮ್ಮ ನಾಲ್ಕು ತಾಲ್ಲೂಕಿನಲ್ಲೂ ಇದೆ. ತಂದೆ ಸತ್ತು ಎರಡು ವರ್ಷವಾಗಿರುತ್ತದೆ, ಆರ್.ಸಿ. ತಂದೆಯದೇ, ವಿಮೆಯೂ ತಂದೆಯ ಹೆಸರಿಗೇ. ಮೋಟಾರು ಗಾಡಿಗಳ ನಿಯಮದಲ್ಲಿ, ಮಾಲೀಕ ಸತ್ತ 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿದರೆ ಮೂರು ತಿಂಗಳು ಗಾಡಿ ಓಡಿಸಬಹುದು. ಅಷ್ಟರೊಳಗೆ 31ನೇ ನಮೂನೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ವಿಮಾ ಪತ್ರದ ಷರತ್ತು ಓದಿ ನೋಡಿ, ಅಲ್ಲಿಯೂ ಮಾಲೀಕ ಸತ್ತ ಮೂರು ತಿಂಗಳವರೆಗೆ ಅಥವಾ ಪಾಲಿಸಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಎಂದಿರುತ್ತದೆ. ಆಮೇಲೆ ಅಪಘಾತವಾದರೆ ಕಂಪನಿ ತಕರಾರು ತೆಗೆಯುತ್ತದೆ. ಆಗ ಅದು ಅಪ್ಪನ ಆಸ್ತಿಯ ಲೆಕ್ಕವಲ್ಲ, ಗಾಡಿ ಓಡಿಸುತ್ತಿರುವ ಮಗನ ಸ್ವಂತ ಲೆಕ್ಕ. ಮೇಲೆ ಹೇಳಿದ ರಕ್ಷಣೆ ಯಾವುದೂ ಅವನಿಗಿಲ್ಲ.

ಸತ್ತವನ ತಪ್ಪು ಅವನ ಮನೆಯವರ ಬೇಡಿಕೆಗೂ ಅಡ್ಡ ಬರುತ್ತದೆ. ನಮ್ಮ ಪಕ್ಕದ ಅರಸೀಕೆರೆಯ ಕಡೆ 2014ರ ಜೂನ್ 18ರಂದು ಒಂದು ಕಾರು ಮಗುಚಿ, ಓಡಿಸುತ್ತಿದ್ದವನು ಸತ್ತ. ಅವನ ಹೆಂಡತಿ, ಮಗು, ತಂದೆತಾಯಿ 80 ಲಕ್ಷ ಕೇಳಿದರು. ಅತಿವೇಗದ ತಪ್ಪು ಸತ್ತವನದೇ, ತನ್ನ ತಪ್ಪಿನಿಂದ ತಾನೇ ಸತ್ತವನ ವಾರಸುದಾರರಿಗೆ ಕಂಪನಿ ಕೊಡಬೇಕಿಲ್ಲ ಎಂದು ನ್ಯಾಯಮಂಡಳಿ ಹೇಳಿತು. 2024ರ ನವೆಂಬರಿನಲ್ಲಿ ಹೈಕೋರ್ಟೂ, 2025ರ ಜುಲೈ 2ರಂದು ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದವು. ಹನ್ನೊಂದು ವರ್ಷ ನಡೆದ ಮೊಕದ್ದಮೆ. ತೀರ್ಪು ಕಠಿಣವೆನಿಸುತ್ತದೆ, ಆದರೆ ಕಾಯಿದೆಯ ದೃಷ್ಟಿಯಲ್ಲಿ ಅದನ್ನು ಅಲ್ಲಗಳೆಯುವುದು ಕಷ್ಟ. ಅಂಥ ಕುಟುಂಬಕ್ಕೆ ಇರುವ ಆಸರೆ, ಗಾಡಿ ವಿಮೆಯ ಜೊತೆಗೆ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ. ಅದರ ಮೊತ್ತ 15 ಲಕ್ಷ. ಕಂತು ಉಳಿಸಲು ಅದನ್ನು ಬಿಡಬೇಡಿ.

ಇಷ್ಟು ಹೊತ್ತು ನಾನು ಹೇಳಿದ್ದು ಮೋಟಾರು ಇರುವ ಕಡೆಯ ನ್ಯಾಯ. ಮೋಟಾರು ಇಲ್ಲದ ಕಡೆ ಏನಾಗುತ್ತದೆ ನೋಡಿ. ಒಬ್ಬ ಸಾಹುಕಾರನ ಗೋದಾಮಿನ ಹಳೆಯ ಗೋಡೆ ಬಿದ್ದು ದಾರಿಯಲ್ಲಿ ಹೋಗುತ್ತಿದ್ದ ಹಮಾಲಿಯ ಸೊಂಟ ಮುರಿಯಿತು ಎನ್ನಿ. ಸಾಹುಕಾರ ಆರು ತಿಂಗಳ ಮೇಲೆ ಹೃದಯಾಘಾತದಿಂದ ಸತ್ತ. ಗಾಡಿಯಿಲ್ಲ, ವಿಮೆಯಿಲ್ಲ, 155ನೇ ಕಲಮಿಲ್ಲ. ಹಮಾಲಿ ಹೋಗಿ ನಿಲ್ಲುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 306ನೇ ಕಲಮಿನ ಮುಂದೆ. ಸತ್ತವನ ಮೇಲಿದ್ದ ಬೇಡಿಕೆಗಳೆಲ್ಲ ಅವನ ಆಸ್ತಿಯ ಮೇಲೆ ಉಳಿಯುತ್ತವೆ, ಆದರೆ ಮಾನನಷ್ಟ, ಹಲ್ಲೆ, ಮತ್ತು ಸಾವಿಗೆ ಕಾರಣವಾಗದ ಮೈಗಾಯದ ಬೇಡಿಕೆಗಳು ಉಳಿಯುವುದಿಲ್ಲ ಎನ್ನುತ್ತದೆ ಅದು. ಹಮಾಲಿ ಗೋಡೆಯ ಕೆಳಗೆ ಸತ್ತಿದ್ದರೆ ಅವನ ಮನೆಯವರು ಸಾಹುಕಾರನ ಆಸ್ತಿಯನ್ನು ಹಿಡಿಯಬಹುದಿತ್ತು. ಸಾಯದೆ ಹಾಸಿಗೆ ಹಿಡಿದದ್ದೇ ಅವನ ಅಪರಾಧ!

ಅದೇ ಸಾಹುಕಾರ ಗೋದಾಮಿಗೆ ಸಿಮೆಂಟು ತಂದ ಬಾಕಿ ಇತ್ತೆನ್ನಿ. ಅಂಗಡಿಯವನ ಆ ಬಾಕಿ ಸಾಯುವುದಿಲ್ಲ. ಬ್ಯಾಂಕಿನ ಸಾಲ ಸಾಯುವುದಿಲ್ಲ. ಕೋರ್ಟು ಅವನಿಗೆ ದಂಡ ಹಾಕಿದ್ದರೆ ಸರ್ಕಾರದ ದಂಡವೂ ಸಾಯುವುದಿಲ್ಲ. 1860ರ ದಂಡ ಸಂಹಿತೆಯ 70ನೇ ಕಲಮು ಸತ್ತವನ ಆಸ್ತಿಯಿಂದ ದಂಡ ವಸೂಲು ಮಾಡಲು ದಾರಿ ಇಟ್ಟಿತ್ತು. 2024ರಲ್ಲಿ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲೂ ಆ ಮಾತನ್ನು ಉಳಿಸಿಕೊಂಡರು. ಸಿಮೆಂಟಿನ ಬೆಲೆ ಉಳಿಯುತ್ತದೆ, ಸರ್ಕಾರದ ದಂಡ ಉಳಿಯುತ್ತದೆ, ಮುರಿದ ಸೊಂಟದ ಬೆಲೆ ಮಾತ್ರ ಸಾಹುಕಾರನ ಚಿತೆಯ ಜೊತೆ ಸುಟ್ಟುಹೋಗುತ್ತದೆ. ಇದು ಯಾವ ನ್ಯಾಯ? ವೈಯಕ್ತಿಕ ದಾವೆ ವ್ಯಕ್ತಿಯೊಡನೆ ಸಾಯುತ್ತದೆ ಎಂಬ ಇಂಗ್ಲೆಂಡಿನ ಹಳೆಯ ಸೂತ್ರದಿಂದ ಬಂದದ್ದು ಇದು. ಅದನ್ನು ಹುಟ್ಟಿಸಿದವರೇ 1934ರಲ್ಲಿ ಮೈಗಾಯದ ಮಟ್ಟಿಗೆ ಕೈಬಿಟ್ಟರು. ನಾವು ಸ್ವತಂತ್ರರಾಗಿ ಮುಕ್ಕಾಲು ನೂರ್ಮಾನ ದಾಟಿದರೂ ಅದನ್ನು ಹಿಡಿದುಕೊಂಡು ಕೂತಿದ್ದೇವೆ.

ಒಂದು ಹಳೆಯ ಕಿಂಡಿ ಇತ್ತು. 1855ರಲ್ಲಿ ಕಂಪನಿ ಸರ್ಕಾರ ಮಾಡಿದ ವಾರಸುದಾರರ ದಾವೆಗಳ ಕಾಯಿದೆಯಲ್ಲಿ, ಸತ್ತವನು ಸಾಯುವ ಮುನ್ನ ಒಂದು ವರ್ಷದೊಳಗೆ ಮಾಡಿದ ತಪ್ಪಿಗೆ ಅವನ ವಾರಸುದಾರರ ಮೇಲೆ ದಾವೆ ಹಾಕಬಹುದೆಂದು ಹೇಳಿದ್ದರು. ಅಂಥ ಪ್ರಸಂಗ ಬಂದರೆ ವಕೀಲರಿಗೆ ಆ ಪುಟವನ್ನೂ ತಿರುವಿ ನೋಡಲು ಹೇಳಿ. ಆದರೆ 306ನೇ ಕಲಮನ್ನೇ ತಿದ್ದಬೇಕೆಂಬುದು ನಮ್ಮ ಒತ್ತಾಯ. ತಿದ್ದಲು ಆಗದ್ದೇನಲ್ಲ. ಗಾಯಗೊಂಡವನು ಬೇರೆ ಕಾರಣದಿಂದ ಸತ್ತರೆ ಅವನ ಮನೆಯವರು ಅರ್ಜಿ ಮುಂದುವರಿಸುವಂತಿಲ್ಲ ಎಂದು ನಮ್ಮ ಹೈಕೋರ್ಟಿನ ಪೂರ್ಣಪೀಠವೇ 1990ರಲ್ಲಿ ಹೇಳಿತ್ತು. 2019ರಲ್ಲಿ ಪಾರ್ಲಿಮೆಂಟು 166ನೇ ಕಲಮಿಗೆ ಒಂದು ಸಾಲು ಸೇರಿಸಿತು: ಸಾವಿಗೆ ಯಾವ ಕಾರಣವಿದ್ದರೂ ಗಾಯಾಳುವಿನ ಹಕ್ಕು ಅವನ ವಾರಸುದಾರರಿಗೆ ಬರುತ್ತದೆ ಎಂದು. ಮೋಟಾರಿಗೆ ಒಂದು ಸಾಲು ಬರೆಯಲು ಆದದ್ದು ಗೋಡೆಗೆ, ಎಣ್ಣೆಗಾಣಕ್ಕೆ, ವಿದ್ಯುತ್ ತಂತಿಗೆ ಬರೆಯಲು ಯಾಕೆ ಆಗದು?

ಅದೇ ತಿದ್ದುಪಡಿಯಲ್ಲಿ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡರು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವನ್ನು ತಂದರು. 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಆ ಪ್ರಶ್ನೆ ತೀರ್ಮಾನವಾಗುವವರೆಗೆ ತಡವಾಯಿತೆಂದು ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಅದನ್ನು ನಂಬಿಕೊಂಡು ಕೂರಬೇಡಿ. ಮಾಲೀಕ ಸತ್ತ ಮನೆಯಲ್ಲಿ ತಿಥಿ ಮುಗಿಯಲಿ, ವರ್ಷಾಬ್ದಿಕ ಆಗಲಿ ಎಂದು ಕಾಯುತ್ತ ಕೂತರೆ ಆರು ತಿಂಗಳು ಕಳೆದೇ ಹೋಗುತ್ತದೆ.

ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ, ಗಾಯಾಳು ವಾಸವಾಗಿರುವ ಕಡೆಯೂ ಹಾಕಬಹುದು. ಹೋಗುವಾಗ ಎಫ್.ಐ.ಆರ್. ಪ್ರತಿ, ಆಸ್ಪತ್ರೆಯ ಗಾಯದ ಸರ್ಟಿಫಿಕೇಟು, ಔಷಧದ ರಸೀದಿಗಳು, ಗಿರಣಿಯ ಹಾಜರಿ ಚೀಟಿ ಅಥವಾ ಸಂಬಳದ ಚೀಟಿ, ಗಾಡಿಯ ನಂಬರು, ವಿಮಾ ಪತ್ರದ ನಂಬರು, ಇಷ್ಟನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಮಾಲೀಕ ಸತ್ತಿದ್ದರೆ ಅವನ ಮರಣಪತ್ರದ ಪ್ರತಿಯನ್ನೂ, ಹೆಂಡತಿ, ಮಕ್ಕಳು, ತಾಯಿ ಇವರ ಹೆಸರು ವಿಳಾಸಗಳನ್ನೂ ಬರೆದುಕೊಂಡು ಹೋಗಿ.